ಹೊಟ್ಟೆ ತೆರೆಯುವ ಮೊದಲು

ಗರ್ಭಕೋಶ ತೆಗೆಸುವುದು ನಮ್ಮ ಕಡೆ ದೊಡ್ಡ ಸುದ್ದಿಯಲ್ಲ. ಮದುವೆ ಮನೆಯ ಹಿತ್ತಿಲಲ್ಲಿ ತರಕಾರಿ ಹೆಚ್ಚಲು ಕುಳಿತ ಹೆಂಗಸರನ್ನು ಕೇಳಿದರೆ ಒಬ್ಬರಲ್ಲ ಒಬ್ಬರು 'ನನ್ನದು ತೆಗೆದಾಗಿದೆ' ಎನ್ನುತ್ತಾರೆ. ಯಾವ ಡಾಕ್ಟರು, ಎಷ್ಟು ಹೊಲಿಗೆ, ಎಷ್ಟು ಬಿಲ್ಲು ಎಲ್ಲವೂ ಬಾಯಿಪಾಠ. ಏಕೆ ತೆಗೆದರು, ತೆಗೆದದ್ದನ್ನು ಪರೀಕ್ಷೆಗೆ ಕಳುಹಿಸಿದರೇ, ವರದಿಯಲ್ಲಿ ಏನಿತ್ತು ಎಂದು ಕೇಳಿದರೆ ಮಾತ್ರ ಮಾತು ಅಲ್ಲಿಗೇ ನಿಲ್ಲುತ್ತದೆ. ನನ್ನದೂ ಹಾಗೆಯೇ ಆಗುವುದರಲ್ಲಿತ್ತು. ಶಸ್ತ್ರಚಿಕಿತ್ಸೆಯ ದಿನವೂ ಗೊತ್ತಾಗಿತ್ತು. ಅದು ತಪ್ಪಿದ್ದು ಹೇಗೆ, ಆಮೇಲೆ ಏನೇನು ನಡೆಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ನಾನು ಕಟಪಾಡಿ ಪೇಟೆಯಲ್ಲಿ ಒಂದು ಸಹಕಾರಿ ಸಂಘಕ್ಕೆ ಪಿಗ್ಮಿ ಸಂಗ್ರಹಿಸುವವಳು. ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ, ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲಿ ಶುರು ಮಾಡಿದ್ದು. ಆ ಪರಂಪರೆಯ ಕೊನೆಯ ಕೊಂಡಿಗಳಲ್ಲಿ ನಾನೂ ಒಬ್ಬಳು ಇರಬೇಕು. ಮನೆ ಶಂಕರಪುರದ ಬದಿಯಲ್ಲಿ. ಅಂಗಳದ ಮಲ್ಲಿಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನ ಕಟ್ಟೆಗೆ ಮುಟ್ಟಿಸಿ ಆಮೇಲೆ ಪೇಟೆ ಸುತ್ತಲು ಹೊರಡುತ್ತಿದ್ದೆ. ನನ್ನವರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ಈಗ ಮನೆಯಲ್ಲಿದ್ದಾರೆ. ಮಗಳನ್ನು ಕುಂದಾಪುರಕ್ಕೆ ಕೊಟ್ಟಿದ್ದೇವೆ. ಇದೆಲ್ಲ ಆರಂಭವಾದಾಗ ನನಗೆ 56 ವರ್ಷ, ಮುಟ್ಟು ನಿಂತು ಕಾಲವಾಗಿತ್ತು.

ಮೊದಲು ಗೊತ್ತಾದದ್ದು ಲಂಗದ ಲಾಡಿಯಿಂದ. ಗಂಟು ಹಾಕುವ ಜಾಗ ದಿನ ಹೋದಂತೆ ಲಾಡಿಯ ತುದಿಗೆ ಸರಿಯುತ್ತಿತ್ತು, ರವಿಕೆ ಮಾತ್ರ ಹೆಗಲಿನಿಂದ ಜಾರುತ್ತಿತ್ತು. ಹೊಟ್ಟೆ ಬೆಳೆಯುತ್ತಿತ್ತು, ನಾನು ಇಳಿಯುತ್ತಿದ್ದೆ. ನಾಲ್ಕು ತುತ್ತು ಗಂಜಿ ಉಣ್ಣುವಷ್ಟರಲ್ಲಿ ಹೊಟ್ಟೆ ತುಂಬಿಬಿಡುತ್ತಿತ್ತು. ಪೇಟೆಯಲ್ಲಿ ಗಳಿಗೆಗೊಮ್ಮೆ ಮೂತ್ರಕ್ಕೆ ಅವಸರ. ನೋವು ಎನ್ನುವಂಥದ್ದಿಲ್ಲ, ರಕ್ತಸ್ರಾವವಂತೂ ಇಲ್ಲವೇ ಇಲ್ಲ. ಕೇಳಿದವರೆಲ್ಲ ಗ್ಯಾಸ್ ಎಂದರು. ಓಮದ ನೀರು, ಜೀರಿಗೆ ಕಷಾಯ, ಬೆಳಿಗ್ಗೆ ಬರಿಹೊಟ್ಟೆಗೆ ನುಂಗುವ ಮಾತ್ರೆ ಎಲ್ಲ ಆಯಿತು. ಕೊನೆಗೆ ನಮ್ಮ ಊರಿನ ಹಳೆಯ ಡಾಕ್ಟರು ನನ್ನನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ನನ್ನದೇ ಕೈಯ ಅಂಚನ್ನು ಹೊಟ್ಟೆಯ ನಡುವೆ ಒತ್ತಿ ಹಿಡಿಯಲು ಹೇಳಿದರು. ತಾವು ಒಂದು ಪಕ್ಕಕ್ಕೆ ಅಂಗೈ ಇಟ್ಟು ಇನ್ನೊಂದು ಪಕ್ಕದಲ್ಲಿ ಬೆರಳಿನಿಂದ ಚಿಮ್ಮಿದರು. ಒಳಗೆ ಏನೋ ಅಲೆದು ಹೋದದ್ದು ನನಗೂ ತಿಳಿಯಿತು. "ನೀರು ತುಂಬಿದೆ. ನಾಳೆಯೇ ಸ್ಕ್ಯಾನಿಂಗ್ ಮಾಡಿಸಿ" ಎಂದರು. ಶುಲ್ಕ ಕೊಡಹೋದರೆ ಬೇಡವೆಂದರು. ಆಗಲೇ ನನಗೆ ಭಯ ಹತ್ತಿದ್ದು.

ಸ್ಕ್ಯಾನಿಂಗ್ ವರದಿಯಲ್ಲಿ ಎರಡೂ ಅಂಡಾಶಯಗಳಲ್ಲಿ ಗಡ್ಡೆ, ಅವುಗಳೊಳಗೆ ಗೋಡೆಗಳೂ ಗಟ್ಟಿ ಭಾಗಗಳೂ ಇವೆ, ಹೊಟ್ಟೆಯಲ್ಲಿ ನೀರಿದೆ ಎಂದಿತ್ತು. ಅದನ್ನು ಹಿಡಿದುಕೊಂಡು ನಾವು ಹೋದದ್ದು ಹತ್ತಿರದ ಒಂದು ನರ್ಸಿಂಗ್ ಹೋಮಿಗೆ. ಅಲ್ಲಿನ ವೈದ್ಯರು ಒಳ್ಳೆಯವರೇ, ನನ್ನ ಪರಿಚಯದ ಎಷ್ಟೋ ಹೆರಿಗೆ ಅವರ ಕೈಯಲ್ಲಿ ಆಗಿವೆ. ವರದಿ ನೋಡಿ, "ಸಿಸ್ಟ್. ಗರ್ಭಕೋಶದ ಜೊತೆಗೇ ಎಲ್ಲವನ್ನೂ ತೆಗೆದುಬಿಡೋಣ. ಈ ವಯಸ್ಸಿನಲ್ಲಿ ಅದರ ಅಗತ್ಯವೂ ಇಲ್ಲ. ಮುಂದಿನ ವಾರ ಬನ್ನಿ" ಎಂದರು. ಉದರದರ್ಶಕದ (ಲ್ಯಾಪರೊಸ್ಕೋಪ್) ಮೂಲಕ, ಸಣ್ಣ ತೂತಿನಲ್ಲೇ ಮುಗಿಯುತ್ತದಂತೆ. ನಮಗೆ ಅದೇ ದೊಡ್ಡ ಸಮಾಧಾನ. ನನ್ನವರು ಮನೆಗೆ ಬಂದವರೇ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಿದರು.

ಅದನ್ನು ತಪ್ಪಿಸಿದವಳು ಕಾರ್ಕಳದಲ್ಲಿರುವ ನನ್ನ ಅಕ್ಕನ ಮಗಳು. ಮಂಗಳೂರಿನಲ್ಲಿ ನರ್ಸ್ ಆಗಿದ್ದಾಳೆ. ವರದಿಯ ಫೋಟೋ ಕಳುಹಿಸಿದ ಸ್ವಲ್ಪ ಹೊತ್ತಿಗೆ ಫೋನ್ ಮಾಡಿದಳು. "ಚಿಕ್ಕಮ್ಮ, ಯಾರಿಗೂ ಕತ್ತರಿ ಹಾಕಲು ಬಿಡಬೇಡಿ. ಮೊದಲು ಸಿಎ-125 ರಕ್ತ ಪರೀಕ್ಷೆ ಮಾಡಿಸಿ, ನಾನು ಹೇಳುವ ವಿಭಾಗಕ್ಕೆ ಬನ್ನಿ" ಎಂದಳು. ಆ ಧ್ವನಿಯಲ್ಲಿ ಅವಳು ನನ್ನೊಡನೆ ಎಂದೂ ಮಾತಾಡಿದವಳಲ್ಲ. ಅಂಡಾಶಯದ ಕ್ಯಾನ್ಸರಿನಲ್ಲಿ ಏರುವ ಒಂದು ಅಂಶವನ್ನು ಅಳೆಯುವ ಪರೀಕ್ಷೆಯಂತೆ ಅದು. ರಕ್ತದ ವರದಿ ಬಂದಾಗ 1,140 ಎಂದಿತ್ತು. ಪಕ್ಕದಲ್ಲೇ ಸಾಮಾನ್ಯ ಮಟ್ಟ 35ಕ್ಕಿಂತ ಕಡಿಮೆ ಎಂದು ಮುದ್ರಿಸಿದ್ದರು. ಅಂಕಿಗಳನ್ನು ಓದುವುದು ನನ್ನ ಉದ್ಯೋಗ. ಯಾರೂ ವಿವರಿಸಬೇಕಾಗಲಿಲ್ಲ.

ಹೆಂಗಸರ ಕ್ಯಾನ್ಸರಿಗೆಂದೇ ಬೇರೆ ತಜ್ಞರಿದ್ದಾರೆ ಎಂಬುದು ನನಗೆ ಗೊತ್ತಾದದ್ದು ಮಂಗಳೂರಿನ ಆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ. ಹೆರಿಗೆ ಮತ್ತು ಸ್ತ್ರೀರೋಗದಲ್ಲಿ ಎಂ.ಡಿ. ಅಥವಾ ಎಂ.ಎಸ್. ಮುಗಿಸಿದ ಮೇಲೆ ಇನ್ನೂ ಮೂರು ವರ್ಷ ಇದನ್ನೇ ಓದಿ ಎಂ.ಸಿಎಚ್. ಮಾಡುತ್ತಾರೆ. ಗರ್ಭಕೊರಳು, ಗರ್ಭಕೋಶ, ಅಂಡಾಶಯ, ಯೋನಿ ಇವುಗಳ ಕ್ಯಾನ್ಸರ್ ಅಷ್ಟೇ ಅವರ ಕೆಲಸ. ಒಳಗೆ ಕುಳಿತಿದ್ದ ತಜ್ಞೆ ನನ್ನ ಮಗಳಿಗಿಂತ ಕೆಲವೇ ವರ್ಷ ದೊಡ್ಡವರಿರಬಹುದು. "ದಾದ ಆಪುಂಡು ಅಕ್ಕ?" (ಏನಾಗುತ್ತಿದೆ ಅಕ್ಕ?) ಎಂದು ತುಳುವಿನಲ್ಲೇ ಶುರು ಮಾಡಿದರು. ವರದಿ ನೋಡುವ ಮೊದಲು ಕುತ್ತಿಗೆ, ಕಂಕುಳು, ಸ್ತನ, ತೊಡೆಸಂದು ಎಲ್ಲವನ್ನೂ ಮುಟ್ಟಿ ನೋಡಿದರು. ನಿಮ್ಮ ಮನೆಯಲ್ಲಿ ಯಾರಿಗಾದರೂ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿತ್ತೇ ಎಂದು ಕೇಳಿದರು. ಇಲ್ಲ ಎಂದೆ. ಆ ಪ್ರಶ್ನೆ ಇನ್ನೊಮ್ಮೆ ಬರಲಿತ್ತು.

ನನ್ನವರಿಗೆ ನರ್ಸಿಂಗ್ ಹೋಮಿನ ದಿನ ತಪ್ಪಿದ್ದರ ಕಿರಿಕಿರಿ ಇತ್ತು. ಗಡ್ಡೆ ಇದೆ ಎಂದ ಮೇಲೆ ಬೇಗ ತೆಗೆಯುವುದು ಒಳ್ಳೆಯದಲ್ಲವೇ ಎಂದು ಕೇಳಿಯೇಬಿಟ್ಟರು. ಆಕೆ ಬೇಸರಿಸದೆ ಕಾಗದದ ಮೇಲೆ ಚಿತ್ರ ಬಿಡಿಸಿದರು. ಅಂಡಾಶಯದೊಳಗೆ ಮುಚ್ಚಿಕೊಂಡಿರುವ ಕ್ಯಾನ್ಸರ್ ಗಡ್ಡೆಯನ್ನು ಸಾಮಾನ್ಯ ಸಿಸ್ಟ್ ಎಂದುಕೊಂಡು ತೆಗೆಯುವಾಗ ಅದು ಒಡೆದು ಹೊಟ್ಟೆಯಲ್ಲಿ ಚೆಲ್ಲಿದರೆ, ಆ ಒಂದು ಕಾರಣಕ್ಕೇ ರೋಗದ ಹಂತ ಮೇಲೇರುತ್ತದೆ. ನನ್ನಂತೆ ಆಗಲೇ ಹೊಟ್ಟೆಯೊಳಗೆ ಹರಡಿರಬಹುದಾದವರ ತೊಂದರೆ ಬೇರೆ. ಗರ್ಭಕೋಶ, ಅಂಡಾಶಯ ಮಾತ್ರ ತೆಗೆದು ಹೊಲಿದರೆ ಕರುಳಿನ ಮೇಲೆ, ವಪೆಯ ಅಡಿಯಲ್ಲಿ, ಹೊಟ್ಟೆಯ ಒಳಪೊರೆಯಲ್ಲಿ ಇರುವುದು ಹಾಗೆಯೇ ಉಳಿಯುತ್ತದೆ, ಮತ್ತೆ ತೆರೆಯಬೇಕಾಗುತ್ತದೆ. ಈ ರೋಗದಲ್ಲಿ ಮೊದಲ ಶಸ್ತ್ರಚಿಕಿತ್ಸೆ ಎಷ್ಟು ಪೂರ್ತಿಯಾಗಿ ಆಯಿತು ಎಂಬುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದಂತೆ. ಕಣ್ಣಿಗೆ ಕಾಣುವಂಥದ್ದು ಏನೂ ಉಳಿಯಬಾರದು, ಅದು ಗುರಿ. "ಹಾಗಾಗಿ ಮೊದಲು ಎಲ್ಲೆಲ್ಲಿದೆ ಎಂದು ನೋಡೋಣ. ಆಮೇಲೆ ಏನೆಂದು ಖಚಿತ ಮಾಡೋಣ. ತೆಗೆಯುವುದು ಮೂರನೆಯದು" ಎಂದರು. ನನ್ನವರು ಹೊರಗೆ ಬಂದ ಮೇಲೆ ಆ ಚಿತ್ರದ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು.

ಸಿ.ಟಿ. ಸ್ಕ್ಯಾನಿನಲ್ಲಿ ಕರುಳನ್ನು ಮುಚ್ಚಿಕೊಂಡಿರುವ ಕೊಬ್ಬಿನ ಪೊರೆ, ಅವರು ಒಮೆಂಟಮ್ ಎನ್ನುವುದು, ದಪ್ಪಗಾಗಿ ಗಂಟುಕಟ್ಟಿರುವುದು ಕಂಡಿತು. ಸಿಎ-125 ಒಂದನ್ನೇ ನಂಬಿ ಕ್ಯಾನ್ಸರ್ ಎನ್ನುವಂತಿಲ್ಲ. ಹೊಟ್ಟೆಯ ಕ್ಷಯದಲ್ಲಿಯೂ ಅದು ಏರುತ್ತದೆ, ಎಂಡೋಮೆಟ್ರಿಯೋಸಿಸ್ ಎಂಬ ಗರ್ಭಕೋಶದ ಒಳಪದರದ ತೊಂದರೆಯಲ್ಲಿಯೂ ಏರುತ್ತದೆ. ಜಠರದ ಅಥವಾ ದೊಡ್ಡ ಕರುಳಿನ ಕ್ಯಾನ್ಸರ್ ಅಂಡಾಶಯಕ್ಕೆ ಬಂದು ಕುಳಿತಿರುವುದೂ ಉಂಟು. ಅದಕ್ಕೆ ಸಿಇಎ ಎಂಬ ಇನ್ನೊಂದು ರಕ್ತ ಪರೀಕ್ಷೆ. ಹೊಟ್ಟೆಯ ನೀರನ್ನು ಸೂಜಿಯಿಂದ ಹೊರತೆಗೆದು ಬಾಟಲಿಗೆ ಇಳಿಸಿದರು, ಬಹಳ ಕಾಲದ ಮೇಲೆ ಆ ರಾತ್ರಿ ಅಂಗಾತ ಮಲಗಿ ನಿದ್ದೆ ಮಾಡಿದೆ. ಅಂಡಾಶಯದ ಗಡ್ಡೆಗೆ ಸೂಜಿ ಹಾಕಲಿಲ್ಲ. ಒಮೆಂಟಮ್‌ನ ಗಂಟಿನಿಂದಲೇ, ಸ್ಕ್ಯಾನಿಂಗ್ ನೋಡಿಕೊಂಡು, ಬಯಾಪ್ಸಿಗೆ ಚೂರು ತೆಗೆದರು.

ವರದಿಗೆ ಕಾಯುವ ದಿನಗಳೇ ಇಡೀ ಪ್ರಯಾಣದಲ್ಲಿ ಕೆಟ್ಟವು. ಮೊದಲ ವರದಿ ಬಂದ ಮೇಲೂ ವಿಶೇಷ ಬಣ್ಣದ ಪರೀಕ್ಷೆ ಮುಗಿಯಲಿ ಎಂದರು. ಕೊನೆಗೆ ಬಂದದ್ದು: ಹೈ ಗ್ರೇಡ್ ಸೀರಸ್ ಕಾರ್ಸಿನೋಮ, ಹಂತ ಮೂರು ಸಿ, ಅಂದರೆ ಹೊಟ್ಟೆಯೊಳಗೆ ಹರಡಿದೆ. ಅಂಡಾಶಯದ ಕ್ಯಾನ್ಸರ್ ಎಂದು ಕರೆಯುವ ಈ ಬಗೆ ಅನೇಕ ಸಲ ಹುಟ್ಟುವುದು ಡಿಂಬನಾಳದ ತುದಿಯಲ್ಲಂತೆ. ನನಗೆ ಅದರಿಂದ ಆಗಬೇಕಾದದ್ದು ಏನೂ ಇರಲಿಲ್ಲ, ಆದರೂ ಎಲ್ಲಿಂದ ಬಂತು ಎಂದು ತಿಳಿದುಕೊಳ್ಳುವ ಹಟವೊಂದಿತ್ತು.

ಟ್ಯೂಮರ್ ಬೋರ್ಡ್ ಎಂಬ ಸಭೆ ವಾರಕ್ಕೊಮ್ಮೆ ನಡೆಯುತ್ತದೆ. ಶಸ್ತ್ರಚಿಕಿತ್ಸೆ ಮಾಡುವವರು, ಕೀಮೋ ಕೊಡುವವರು, ವಿಕಿರಣದವರು, ಸ್ಕ್ಯಾನ್ ಓದುವವರು, ಬಯಾಪ್ಸಿ ನೋಡುವವರು ಒಂದೇ ಮೇಜಿನ ಸುತ್ತ ಕುಳಿತು ಒಬ್ಬೊಬ್ಬ ರೋಗಿಯ ಕಡತ ತೆರೆಯುತ್ತಾರೆ. ನಾವು ಒಳಗೆ ಇರುವುದಿಲ್ಲ. ಅಲ್ಲಿ ನನ್ನ ಬಗ್ಗೆ ಆದ ತೀರ್ಮಾನ: ಈಗಲೇ ತೆರೆದರೆ ಎಲ್ಲವನ್ನೂ ತೆಗೆಯಲು ಆಗುವುದು ಕಷ್ಟ. ಮೊದಲು ಮೂರು ಸುತ್ತು ಕೀಮೋ, ಕುಗ್ಗಿದ ಮೇಲೆ ಶಸ್ತ್ರಚಿಕಿತ್ಸೆ, ಮತ್ತೆ ಮೂರು ಸುತ್ತು ಕೀಮೋ.

ಹಣದ ವಿಷಯ. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್ ಆದರೆ ಪ್ಯಾಕೇಜಿನ ಶೇಕಡ 30 ಮಾತ್ರ, ಅದಕ್ಕೂ 1.5 ಲಕ್ಷದ ಮಿತಿ. ಆದರೆ ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯಲು ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ನನ್ನವರು ಬೆಳಿಗ್ಗೆಯೇ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ ಹೋಗಿ ಅದನ್ನು ತಂದರು. ಆಧಾರಿನಲ್ಲಿ ನನ್ನ ಹೆಸರಿನ ಮುಂದೆ ಇನಿಶಿಯಲ್, ರೇಷನ್ ಕಾರ್ಡಿನಲ್ಲಿ ಹಿಂದೆ. ಇಷ್ಟು ಸಾಕಾಯಿತು, ಕೌಂಟರಿನಿಂದ ಕೌಂಟರಿಗೆ ಕಳುಹಿಸಲು. ಮೂವತ್ತು ವರ್ಷ ಟಿಕೆಟ್ ಹರಿದ ಮನುಷ್ಯ, ಯಾರೊಡನೆ ಏರು ಧ್ವನಿ, ಯಾರೊಡನೆ ತಗ್ಗು ಧ್ವನಿ ಎಂದು ಅವರಿಗೆ ಗೊತ್ತು. ಮಧ್ಯಾಹ್ನದೊಳಗೆ ಮುಗಿಸಿಕೊಂಡು ಬಂದರು. ಬಸ್ಸಿನ ಖರ್ಚು ಮಾತ್ರ ನಮ್ಮದೇ. ಶಕ್ತಿ ಯೋಜನೆ ಬಂದಿದೆ, ನಿಜ. ಆದರೆ ಉಡುಪಿ-ಮಂಗಳೂರು ದಾರಿಯಲ್ಲಿ ಖಾಸಗಿ ಎಕ್ಸ್‌ಪ್ರೆಸ್‌ಗಳದ್ದೇ ಕಾರುಬಾರು.

ಕೀಮೋ 21 ದಿನಕ್ಕೊಮ್ಮೆ. ಮೊದಲು ಅಲರ್ಜಿ ಆಗದಂತೆ, ವಾಂತಿ ಆಗದಂತೆ ಕೆಲವು ಇಂಜೆಕ್ಷನ್. ಆಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಮೂರು ಗಂಟೆ, ಅದಾದ ಮೇಲೆ ಕಾರ್ಬೋಪ್ಲಾಟಿನ್. ಕಾರ್ಬೋಪ್ಲಾಟಿನ್ ಪ್ರಮಾಣವನ್ನು ಪ್ರತಿಸಲ ಹೊಸದಾಗಿ ಲೆಕ್ಕ ಹಾಕುತ್ತಾರೆ: ವಯಸ್ಸು, ತೂಕ, ರಕ್ತದ ಕ್ರಿಯಾಟಿನಿನ್ ಸೇರಿಸಿ ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆ ಎಂದು ತಿಳಿದು ಅದರ ಮೇಲೆ. ಈ ಲೆಕ್ಕ ನನಗೆ ಹಿಡಿಸಿತು. ಪಿಗ್ಮಿ ಪುಸ್ತಕದ ಹಿಂದಿನ ಪುಟದಲ್ಲಿ ನಾನೂ ಬರೆದಿಡುತ್ತಿದ್ದೆ.

ಕೂದಲು ಹೋದದ್ದು ಎರಡನೆಯ ಸುತ್ತಿಗೆ ಮೊದಲು. ಅದರ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಬರೆಯುವುದಿಲ್ಲ. ಹೇಳಬೇಕಾದದ್ದು ಜ್ವರದ ಬಗ್ಗೆ. ಕೀಮೋ ಆಗಿ ಹತ್ತು ಹದಿನಾಲ್ಕು ದಿನದ ಹೊತ್ತಿಗೆ ಬಿಳಿ ರಕ್ತಕಣಗಳು ತಳ ಮುಟ್ಟಿರುತ್ತವೆ. ಆಗ ಜ್ವರ 100.4 ಡಿಗ್ರಿ ದಾಟಿದರೆ ಕ್ರೋಸಿನ್ ನುಂಗಿ ಮನೆಯಲ್ಲಿ ಮಲಗುವಂತಿಲ್ಲ, ರಾತ್ರಿಯಾದರೂ ಆಸ್ಪತ್ರೆಗೆ ಹೊರಡಬೇಕು. ಥರ್ಮಾಮೀಟರ್ ತಲೆದಿಂಬಿನ ಬಳಿಯೇ ಇತ್ತು. ಒಮ್ಮೆ ಹೊರಟೆವು ಕೂಡ. ಆಟೋದಲ್ಲಿ ಹೆದ್ದಾರಿಗೆ ಬಂದು, ನನ್ನವರ ಹಳೆಯ ಸಹೋದ್ಯೋಗಿಯ ಬಸ್ಸು ಹತ್ತಿ, ಎದುರಿನ ಸೀಟಿನಲ್ಲಿ ಚಳಿಯಿಂದ ನಡುಗುತ್ತಾ ಮಂಗಳೂರು ಸೇರಿದೆ. ಆ ಸಲ ಹೆಜಮಾಡಿ ಟೋಲ್ ಎಷ್ಟು ಹೊತ್ತಾದರೂ ಬರಲೇ ಇಲ್ಲ ಎಂದು ನನಗೆ ನೆನಪು.

ಊಟಕ್ಕೆ ಕುಚ್ಚಲಕ್ಕಿ ಗಂಜಿಯೇ ಗತಿಯಾಯಿತು. ಬಾಯಲ್ಲಿ ಕಬ್ಬಿಣದ ರುಚಿ. ಹುಳಿ ಇದ್ದರೆ ಮಾತ್ರ ಏನಾದರೂ ಇಳಿಯುತ್ತಿತ್ತು, ಪುನರ್ಪುಳಿ ಸಾರು, ನಿಂಬೆ ಉಪ್ಪಿನಕಾಯಿ. ಬೇಯಿಸಿದ ಮೀನು ತಿನ್ನಿ, ಮೊಟ್ಟೆ ತಿನ್ನಿ ಎಂದು ಆಹಾರ ತಜ್ಞೆ ಹೇಳಿದರೆ, ನೋಡಲು ಬಂದವರು ನಂಜು, ತಿನ್ನಬೇಡಿ ಎನ್ನುತ್ತಿದ್ದರು. ಲಕ್ಷ್ಮಣ ಫಲದ ಎಲೆಯ ಕಷಾಯವಂತೂ ಮೂರು ಮನೆಯಿಂದ ಬಂತು. ಕ್ಯಾನ್ಸರ್ ತಜ್ಞೆಯನ್ನು ಕೇಳಿದ್ದಕ್ಕೆ, ಕೀಮೋ ನಡೆಯುವಾಗ ಯಕೃತ್ತು, ಮೂತ್ರಪಿಂಡಗಳ ಮೇಲೆ ಇನ್ನೊಂದು ಹೊರೆ ಬೇಡ ಎಂದರು. ಹಾಗೆ ನೋಡಿದರೆ ನನ್ನ ನರಕ್ಕೆ ಇಳಿಯುತ್ತಿದ್ದ ಪ್ಯಾಕ್ಲಿಟ್ಯಾಕ್ಸೆಲ್ ಕೂಡ ಮೂಲದಲ್ಲಿ ಪೆಸಿಫಿಕ್ ಯೂ ಎಂಬ ಮರದ ತೊಗಟೆಯಿಂದ ಸಿಕ್ಕಿದ್ದು. ಅದೂ ಗಿಡಮೂಲಿಕೆಯೇ, ಪ್ರಮಾಣ ಗೊತ್ತಿರುವ ಗಿಡಮೂಲಿಕೆ. ಕಷಾಯ ತಂದವರಿಗೆ ಇದನ್ನು ಹೇಳಿದೆ. ಒಬ್ಬರಿಗೆ ಸಿಟ್ಟು ಬಂತು.

ನನ್ನನ್ನು ನಿಜವಾಗಿ ಕಾಡಿದ್ದು ಬೆರಳುಗಳು. ಪ್ಯಾಕ್ಲಿಟ್ಯಾಕ್ಸೆಲ್ ನರಗಳನ್ನು ಮಂಕು ಮಾಡುತ್ತದೆ, ಕಾಲು ಕೈಗಳ ತುದಿಯಿಂದ ಶುರುವಾಗುತ್ತದೆ ಎಂದು ಮೊದಲೇ ಎಚ್ಚರಿಸಿದ್ದರು. ಮೂರನೆಯ ಸುತ್ತಿನ ಹೊತ್ತಿಗೆ ಹತ್ತು ರೂಪಾಯಿಯ ನೋಟೂ ಐವತ್ತರ ನೋಟೂ ಕೈಗೆ ಒಂದೇ ಆದವು. ನಮ್ಮಲ್ಲಿ ಒಂದು ಚೆಂಡಿಗೆ 800 ಹೂ, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಕಣ್ಣು ಟಿ.ವಿ. ಮೇಲಿದ್ದರೂ ಬೆರಳು ತಾನಾಗಿ ಕಟ್ಟುತ್ತಿತ್ತು. ಈಗ ಒದ್ದೆ ಬಾಳೆನಾರು ಬೆರಳಲ್ಲಿದೆಯೋ ಜಾರಿದೆಯೋ ತಿಳಿಯುವುದಿಲ್ಲ. ಮೊಗ್ಗಿನ ತೊಟ್ಟನ್ನು ಎಷ್ಟು ಬಿಗಿ ಹಿಡಿದೆನೆಂದು ಗೊತ್ತಾಗದೆ ಅದು ತುಂಡಾಗುತ್ತದೆ. ಒಂದು ಸಂಜೆ ನೋಡಿ ನೋಡಿ ಕಟ್ಟಿದ ಮಾಲೆಯನ್ನು ಎತ್ತಿದರೆ ಅರ್ಧ ಹೂ ಮಡಿಲಿಗೆ ಉದುರಿತು. ತಜ್ಞೆಗೆ ಹೇಳಿದಾಗ ಅವರು ತಲೆಯಾಡಿಸಿ ಸುಮ್ಮನಾಗಲಿಲ್ಲ. ಅಂಗಿಯ ಗುಂಡಿ ಹಾಕಿಸಿ ನೋಡಿದರು, ಕಣ್ಣು ಮುಚ್ಚಿ ನಿಲ್ಲಿಸಿ ನೋಡಿದರು, ಮುಂದಿನ ಸುತ್ತುಗಳಲ್ಲಿ ಆ ಔಷಧದ ಪ್ರಮಾಣ ಇಳಿಸುವಂತೆ ಕೀಮೋ ವಿಭಾಗಕ್ಕೆ ಬರೆದರು. ಸಹಿಸಿಕೊಳ್ಳುವುದನ್ನೇ ಗುಣ ಎಂದು ಬೆಳೆದವರು ನಾವು. ಈ ಚಿಕಿತ್ಸೆಯಲ್ಲಿ ಮಾತ್ರ ಅದು ಗುಣವಲ್ಲ. ಹೇಳದೆ ಇದ್ದರೆ ಪ್ರಮಾಣ ಇಳಿಯುವುದಿಲ್ಲ.

ಮೂರು ಸುತ್ತು ಮುಗಿದಾಗ ಸಿಎ-125 ಮಟ್ಟ 48ಕ್ಕೆ ಬಂದಿತ್ತು. ಮತ್ತೆ ಸ್ಕ್ಯಾನ್, ಮತ್ತೆ ಟ್ಯೂಮರ್ ಬೋರ್ಡ್, ಶಸ್ತ್ರಚಿಕಿತ್ಸೆ ಆಗಬಹುದು ಎಂದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮೊದಲು ಒಂದೊಂದು ಸಾಲನ್ನೂ ಓದಿ ಹೇಳಿದರು. ಗರ್ಭಕೋಶ, ಎರಡೂ ಅಂಡಾಶಯ ಮತ್ತು ನಾಳಗಳು, ಒಮೆಂಟಮ್ ಖಂಡಿತ ಹೋಗುತ್ತವೆ. ಒಳಪೊರೆಯನ್ನು ಎಲ್ಲಿ ಬೇಕೋ ಅಲ್ಲಿ ಸುಲಿಯುತ್ತಾರೆ. ಕರುಳಿನ ತುಂಡು ತೆಗೆಯಬೇಕಾದೀತು, ಹಾಗಾದರೆ ಕೆಲಕಾಲ ಹೊಟ್ಟೆಯ ಮೇಲೆ ಚೀಲ ಬರಬಹುದು. ಚೀಲದ ಮಾತಿಗೆ ನನ್ನವರು ಎದ್ದು ಕಿಟಕಿಯ ಕಡೆ ಹೋದರು. ಚೀಲ ಎಲ್ಲಿ ಬಂದರೆ ಸೀರೆ ಉಡಲು ಅನುಕೂಲ ಎಂದು ನಾನು ಕೇಳಿದೆ. ಆಕೆ ನಕ್ಕು, ನಿಲ್ಲಿಸಿ, ಕೂರಿಸಿ ನೋಡಿ ಪೆನ್ನಿನಿಂದ ಗುರುತು ಹಾಕಿಸಿದರು. ಅದು ಬೇಕಾಗಲಿಲ್ಲ.

ಹೊಕ್ಕುಳಿನ ಮೇಲಿನಿಂದ ಕೆಳಗಿನ ಮೂಳೆಯವರೆಗೆ ಉದ್ದದ ಗಾಯ. ಸಣ್ಣ ತೂತಿನ ಆಸೆ ತೋರಿಸಿದವರು ನೆನಪಾದರು. ಬೆನ್ನಿಗೆ ಹಾಕಿದ ಸಣ್ಣ ನಳಿಕೆಯಿಂದ ನೋವಿನ ಔಷಧ ಬರುತ್ತಿದ್ದುದರಿಂದ ಹೆದರಿದಷ್ಟು ನೋವಿರಲಿಲ್ಲ. ಮರುದಿನವೇ ಎಬ್ಬಿಸಿ ನಿಲ್ಲಿಸಿದರು. ಮೂರು ಚೆಂಡುಗಳಿರುವ ಪ್ಲಾಸ್ಟಿಕ್ ಉಪಕರಣದಲ್ಲಿ ಉಸಿರೆಳೆದು ಚೆಂಡು ಏರಿಸಬೇಕು, ಶ್ವಾಸಕೋಶ ಕಟ್ಟಿಕೊಳ್ಳದಂತೆ. ಚ್ಯೂಯಿಂಗ್ ಗಮ್ ಜಗಿಯಬೇಕು, ಕರುಳು ಬೇಗ ಎಚ್ಚರವಾಗಲೆಂದು. ಈ ವಯಸ್ಸಿನಲ್ಲಿ ವಾರ್ಡಿನಲ್ಲಿ ಕುಳಿತು ಗಮ್ ಜಗಿಯುವ ನನ್ನನ್ನು ನೋಡಿ ಮಗಳಿಗೆ ನಗು. ಬೆಳಿಗ್ಗೆ ಸುತ್ತಿಗೆ ಬರುವ ವೈದ್ಯರಿಂದ ಹಿಡಿದು ಕಸ ಗುಡಿಸುವ ಅಕ್ಕನವರೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: ಗಾಳಿ ಹೋಯಿತೇ? ಹೋದ ದಿನ ನನ್ನವರು ನರ್ಸುಗಳಿಗೆ ಸಿಹಿ ಹಂಚಬೇಕೆಂದು ಹೊರಟಿದ್ದರು, ನಾನೇ ತಡೆದೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೊಟ್ಟೆಯ ಚರ್ಮಕ್ಕೆ ಕೊಡುವ ಇಂಜೆಕ್ಷನ್ ಮನೆಗೆ ಬಂದ ಮೇಲೂ ನಾಲ್ಕು ವಾರ ಇತ್ತು. ಕೊಡುವುದನ್ನು ನನ್ನವರೇ ಕಲಿತರು.

ಡಿಸ್ಚಾರ್ಜ್ ಹಾಳೆಯಲ್ಲಿ ನಾನು ಮೊದಲು ಹುಡುಕಿದ್ದು ಒಂದೇ ಸಾಲು. ಕಣ್ಣಿಗೆ ಕಾಣುವ ರೋಗ ಉಳಿದಿಲ್ಲ ಎಂದು ಬರೆದಿತ್ತು. ಉಳಿದ ಮೂರು ಸುತ್ತು ಮುಗಿದಾಗ ಸಿಎ-125 ಮಟ್ಟ 14.

ಜೀನ್ ಪರೀಕ್ಷೆಯ ವಿಷಯ ಮೊದಲ ಕೀಮೋ ಹೊತ್ತಿಗೇ ಬಂದಿತ್ತು. ಈ ಬಗೆಯ ಕ್ಯಾನ್ಸರ್ ಆದವರಲ್ಲಿ ನೂರಕ್ಕೆ ಸುಮಾರು ಹದಿನೈದು ಮಂದಿಗೆ ಬಿಆರ್‌ಸಿಎ ಎಂಬ ಜೀನಿನಲ್ಲಿ ಹುಟ್ಟಿನಿಂದಲೇ ದೋಷ ಇರುತ್ತದೆ, ಹಾಗಾಗಿ ಮನೆಯಲ್ಲಿ ಯಾರಿಗೂ ಇಲ್ಲದಿದ್ದರೂ ಎಲ್ಲರಿಗೂ ಪರೀಕ್ಷೆ ಹೇಳುತ್ತಾರೆ. ಕೈಯಿಂದಲೇ ಹಣ ಕೊಡಬೇಕಾಯಿತು. ಜೆನೆಟಿಕ್ ಕೌನ್ಸೆಲರ್ ಎಂಬ ಹುಡುಗಿ ಚೌಕ, ವೃತ್ತ ಬರೆಯುತ್ತಾ ವಂಶಾವಳಿ ಕೇಳತೊಡಗಿದಳು. ನಾನು ಅಮ್ಮ, ಅಜ್ಜಿ, ಚಿಕ್ಕಮ್ಮಂದಿರು ಎಂದು ಹೇಳುತ್ತಾ ಹೋದೆ. ಅಳಿಯಸಂತಾನದ ಮನೆಗಳಲ್ಲಿ ಬಳಿ, ಎಂದರೆ ಕುಲ, ನಡೆಯುವುದು ತಾಯಿಯಿಂದ. ನಮ್ಮವರು ಎಂದರೆ ಅಮ್ಮನ ಕಡೆಯವರೇ. "ಅಪ್ಪನ ಕಡೆ?" ಎಂದಳು. ಆಗ ಹೊಳೆಯಿತು, ಅಪ್ಪನ ತಂಗಿ ನಲವತ್ತರ ಆಸುಪಾಸಿನಲ್ಲಿ ಎದೆಯ ಗಡ್ಡೆಯಿಂದ ತೀರಿಕೊಂಡದ್ದು. ನಾನು ಆಗ ಚಿಕ್ಕವಳು. ಆ ಅತ್ತೆಯನ್ನು ನಮ್ಮ ಬಳಿಯವಳೆಂದು ನಾವು ಎಣಿಸುವುದೇ ಇಲ್ಲ. ಜೀನಿಗೆ ಬಳಿಯ ಹಂಗಿಲ್ಲ, ಅಪ್ಪನಿಂದಲೂ ಅಷ್ಟೇ ಬರುತ್ತದೆ. ಆ ಜೀನನ್ನು ವಿಜ್ಞಾನಿಗಳು ಗುರುತಿಸಿದ್ದು 1994ರಲ್ಲಿ, ಅತ್ತೆ ಹೋಗಿ ಎಷ್ಟೋ ಕಾಲವಾದ ಮೇಲೆ.

ವರದಿ ಬಂತು: ಬಿಆರ್‌ಸಿಎ 1ರಲ್ಲಿ ದೋಷವಿದೆ. ನನ್ನ ಮಟ್ಟಿಗೆ ಅದರಿಂದ ಒಂದು ಅನುಕೂಲವೂ ಆಯಿತು. ಇಂಥವರಿಗೆ ಕೀಮೋ ನಂತರ ಓಲಾಪರಿಬ್ ಎಂಬ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ದಿನಕ್ಕೆ ಎರಡು ಹೊತ್ತು, ಎರಡು ವರ್ಷ. ರಕ್ತಹೀನತೆ ಬರಬಹುದೆಂದು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಇದಕ್ಕೆ ನನ್ನ ಕರಿಮಣಿಯೊಂದನ್ನು ಬಿಟ್ಟು ಉಳಿದ ಚಿನ್ನ ನಮ್ಮದೇ ಸಂಘದಲ್ಲಿ ಅಡವಿದೆ. ಔಷಧ ಕಂಪನಿಯ ರೋಗಿ ಸಹಾಯ ಯೋಜನೆಗೆ ಅರ್ಜಿ ಹಾಕಲು ಆಸ್ಪತ್ರೆಯವರೇ ಹೇಳಿಕೊಟ್ಟರು.

ಕಷ್ಟವಾದದ್ದು ಉಳಿದವರಿಗೆ ಹೇಳುವುದು. ನನ್ನ ಒಡಹುಟ್ಟಿದವರಿಗೂ ಮಗಳಿಗೂ ಅದು ಇರುವ ಸಾಧ್ಯತೆ ಅರ್ಧಕ್ಕರ್ಧ. ಅಕ್ಕನಿಗೆ ಹೇಳಿದಾಗ ಅವಳು ಫೋನಿನಲ್ಲಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹುಡುಗಿಗೆ ಸಂಬಂಧ ನೋಡುತ್ತಿದ್ದೇವೆ. ಈಗ ಇದನ್ನೆಲ್ಲ ಕೆದಕುವುದು ಬೇಡ ತಂಗಿ" ಎಂದಳು. ಅವಳ ಮಾತನ್ನು ನಾನು ತಪ್ಪು ಎನ್ನಲಾರೆ. ಇಂಥ ಸುದ್ದಿ ಒಬ್ಬರ ಕಿವಿಗೆ ಬಿದ್ದರೆ ಎಲ್ಲಿಯವರೆಗೆ ಹೋಗುತ್ತದೆಂದು ಇಬ್ಬರಿಗೂ ಗೊತ್ತು. ಒಪ್ಪಿಸಿದವಳು ಆ ಹುಡುಗಿಯೇ, ಅದೇ ನರ್ಸ್. ಅಮ್ಮ ಮೊದಲು ಪರೀಕ್ಷೆ ಮಾಡಿಸಲಿ, ಅಮ್ಮನಿಗೆ ಇಲ್ಲವೆಂದಾದರೆ ನನಗೆ ಬೇಕಾಗುವುದೇ ಇಲ್ಲ ಎಂದು ಅವಳು ವಾದ ಹೂಡಿದಳು. ಅಕ್ಕನಿಗೆ ಇರಲಿಲ್ಲ. ಕಾರ್ಕಳದಿಂದ ಅವಳು ನನಗೆ ಫೋನ್ ಮಾಡಿ ಅತ್ತಳು, ಖುಷಿಗೋ ನನ್ನ ಮೇಲಿನ ಮರುಕಕ್ಕೋ ನಾನು ಕೇಳಲಿಲ್ಲ.

ನನ್ನ ಮಗಳಿಗೆ ಇದೆ. 29 ವರ್ಷ, ಒಂದು ಮಗು. ವರ್ಷಕ್ಕೊಮ್ಮೆ ಸ್ತನದ ಎಂ.ಆರ್.ಐ. ಮಾಡಿಸಬೇಕು, ಮಕ್ಕಳಾದ ಮೇಲೆ 35ರಿಂದ 40ರೊಳಗೆ ಅಂಡಾಶಯ ಮತ್ತು ನಾಳಗಳನ್ನು ತೆಗೆಸಿಕೊಳ್ಳುವುದು ಒಳ್ಳೆಯದು ಎಂದಿದ್ದಾರೆ. ಅವಳು ಗಂಡನನ್ನು ಕರೆದುಕೊಂಡೇ ತಜ್ಞೆಯ ಬಳಿ ಹೋಗಿ ಎಲ್ಲ ಕೇಳಿಕೊಂಡು ಬಂದಳು. ಇನ್ನೊಂದು ಮಗು ಬೇಗ ಆಗಲಿ ಎಂದು ಇಬ್ಬರೂ ತೀರ್ಮಾನಿಸಿದ್ದಾರೆ. ನಾನು ಅವಳೆದುರು ಗಟ್ಟಿಯಾಗಿದ್ದೆ, ಅಷ್ಟೇ ಹೇಳಬಲ್ಲೆ.

ಪೇಟೆಗೆ ಮತ್ತೆ ಹೋಗತೊಡಗಿದ ಮೇಲೆ ಅಂಗಡಿಗಳ ಹೆಂಗಸರು ಕೇಳುತ್ತಾರೆ, ನಾವೂ ಆ ರಕ್ತ ಪರೀಕ್ಷೆ ಮಾಡಿಸಿಬಿಡಬೇಕೇ ಎಂದು. ಏನೂ ತೊಂದರೆ ಇಲ್ಲದವರಿಗೆ ಸಿಎ-125, ಸ್ಕ್ಯಾನಿಂಗ್ ಮಾಡಿ ಪ್ರಯೋಜನವಿಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ವರ್ಷಗಟ್ಟಲೆ ನಡೆಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು; ಹಾಗೆ ಪರೀಕ್ಷಿಸಿದ್ದರಿಂದ ಸಾವು ಕಡಿಮೆಯಾಗಲಿಲ್ಲ. ಪ್ಯಾಪ್ ಪರೀಕ್ಷೆ ಗರ್ಭಕೊರಳಿಗೆ, ಅದನ್ನು ಮಾಡಿಸಿ. ಆದರೆ ಅದರಲ್ಲಿ ಅಂಡಾಶಯದ್ದು ಗೊತ್ತಾಗುವುದಿಲ್ಲ. ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬುವುದು, ಪದೇಪದೇ ಮೂತ್ರ, ಇವು ಹೊಸದಾಗಿ ಶುರುವಾಗಿ ವಾರಗಳಾದರೂ ಬಿಡದಿದ್ದರೆ ಸ್ಕ್ಯಾನಿಂಗ್ ಮಾಡಿಸಿ ಎನ್ನುತ್ತೇನೆ. ಗಡ್ಡೆ ಇದೆ, ತೆಗೆಯೋಣ ಎಂದು ಯಾರಾದರೂ ಹೇಳಿದರೆ, ಏನೆಂದು ನೋಡಿ ತೆಗೆಯುತ್ತೀರೋ ತೆಗೆದು ನೋಡುತ್ತೀರೋ ಎಂದು ಕೇಳಿ ಎನ್ನುತ್ತೇನೆ. ಪಿಗ್ಮಿ ರಶೀದಿ ಹರಿಯುವಷ್ಟು ಹೊತ್ತಿನಲ್ಲಿ ಇಷ್ಟೇ ಹೇಳಲಾಗುವುದು.

ಉಳಿದಿರುವುದು ಮುಂಬಯಿಯಲ್ಲಿರುವ ನನ್ನ ಅಣ್ಣ. ಹೋಟೆಲು ನಡೆಸುತ್ತಾನೆ. ಗಂಡಸಿಗೆ ಅಂಡಾಶಯದ ಜೀನು ಯಾಕೆ ಎಂದು ನಗುತ್ತಾನೆ. ಬಿಆರ್‌ಸಿಎ ದೋಷವಿದ್ದರೆ ಗಂಡಸರಿಗೂ ಪ್ರಾಸ್ಟೇಟ್, ಸ್ತನದ ಕ್ಯಾನ್ಸರಿನ ಅಪಾಯ ಹೆಚ್ಚು ಎಂದೆ. ಅಪ್ಪನಿಂದ ನನಗೆ ಬಂದದ್ದು ಹೇಗೆ ಹೇಳು ಎಂದೂ ಕೇಳಿದೆ. ಊರಿಗೆ ಬಂದಾಗ ನೋಡೋಣ ಎಂದ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಅವನಿಗೆ ಹೇಳಿಯೇ ನಾನು ದೊಡ್ಡವಳಿಗೆ ನೇರವಾಗಿ ಫೋನ್ ಮಾಡಿದೆ. ಅವಳು ಎಲ್ಲ ಕೇಳಿ, "ಅತ್ತೆ, ಯಾವ ಜಾಗದಲ್ಲಿ ದೋಷ ಎಂದು ಬರೆದಿರುವ ಆ ಪುಟ ಇದ್ದರೆ ಸಾಕಂತೆ, ಇಲ್ಲಿ ಅದೊಂದನ್ನೇ ನೋಡುತ್ತಾರಂತೆ" ಎಂದಳು. ಎರಡನೆಯ ಪುಟ. ಆ ರಾತ್ರಿಯೇ ಕಳುಹಿಸಿದೆ.